ಬ್ರೇಕ್ ಹಿಡಿದವನು ಬಾಳಿಯಾನು

ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದೆ ಎಂದರೆ ಮೈಸೂರಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಎಪ್ಪತ್ತು ದಾಟಿದ ಅಜ್ಜಿಯರು ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ, ನಡುನಡುವೆ ಸೊಸೆಯ ವಿಚಾರವನ್ನೂ ವಿಲೇವಾರಿ ಮಾಡುತ್ತಾ ಹತ್ತುವ ಊರಿದು. ಇಪ್ಪತ್ತೆರಡು ಗೇರಿನ ಸೈಕಲ್ ಇಟ್ಟುಕೊಂಡು ಹತ್ತಿದ್ದನ್ನು ಇಲ್ಲಿ ಸಾಧನೆ ಎಂದು ಹೇಳಿಕೊಳ್ಳುವುದು ನಾಚಿಕೆಗೇಡು. ನನಗೂ ಹತ್ತುವುದರ ಬಗ್ಗೆ ತಕರಾರಿಲ್ಲ. ಹತ್ತಿದ ಮೇಲೆ ಇಳಿಯಲೇಬೇಕಲ್ಲ, ತಕರಾರಿರುವುದು ಅಲ್ಲಿ.

ಊರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ನಲವತ್ತು ದಾಟಿದ ಮೇಲೆ ಕೆಲವರಿಗೆ ಅಧ್ಯಾತ್ಮ ಹಿಡಿಯುತ್ತದೆ, ಕೆಲವರಿಗೆ ನಿವೇಶನ ಕೊಳ್ಳುವ ಹುಚ್ಚು ಹಿಡಿಯುತ್ತದೆ. ನನಗೆ ಟ್ರಯಥ್ಲಾನ್ ಹಿಡಿಯಿತು. ಅದರಲ್ಲೂ ದೂರದ್ದು. 1978ರಲ್ಲಿ ಹವಾಯಿಯಲ್ಲಿ ಹದಿನೈದು ಮಂದಿ ಸೇರಿ ಆರಂಭಿಸಿದ, ಐರನ್‌ಮ್ಯಾನ್ ಎಂಬ ಈ ಉಪದ್ವ್ಯಾಪದ ಪೂರ್ಣ ರೂಪ ಹೀಗಿದೆ: 3.8 ಕಿ.ಮೀ. ಈಜು, ಅದರ ಬೆನ್ನಿಗೇ 180 ಕಿ.ಮೀ. ಸೈಕಲ್, ಆಮೇಲೂ ಜೀವ ಮಿಕ್ಕಿದ್ದರೆ 42.2 ಕಿ.ಮೀ. ಓಟ. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಸದ್ಯಕ್ಕೆ ನಾನು ಅದರ ಅರ್ಧದವನು, ಒಟ್ಟು 113 ಕಿ.ಮೀ. ಈಜು ಸರಸ್ವತಿಪುರಂ ಕೊಳದಲ್ಲಿ, ಓಟ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಸೈಕಲ್ ಶ್ರೀರಂಗಪಟ್ಟಣ ದಾಟಿ ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ. ಸಪಾಟು ರಸ್ತೆಯಲ್ಲಿ ನನ್ನನ್ನು ನೋಡಿದವರು ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಇಟ್ಟುಕೊಂಡಿದ್ದಾರೆ. ಬೆಟ್ಟದ ರಸ್ತೆಯಲ್ಲಿ ನೋಡಿದವರ ಮಾತು ಬೇರೆ.

ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬುಡಕ್ಕೆ ಐದು ಕಿಲೋಮೀಟರಿನಷ್ಟು ದಾರಿಯಲ್ಲಿ ಸುಮಾರು 250 ಮೀಟರ್ ಇಳಿಯಬೇಕು. ನೂರು ಅಡಿಗೆ ಐದಡಿ, ಅಷ್ಟೇ. ಹೇಳುವುದಕ್ಕೆ ಸಾಧುವಾಗಿಯೇ ಇದೆ. ಆದರೆ ಈ ಇಳಿಜಾರಿನಲ್ಲಿ ನನ್ನ ತೂಕದ ಆಸಾಮಿ ಪೆಡಲ್ ಮುಟ್ಟದೆ ಸುಮ್ಮನೆ ಕುಳಿತರೂ ವೇಗ ಗಂಟೆಗೆ 50 ಕಿ.ಮೀ. ಹತ್ತಿರ ಹೋಗಿ ನಿಲ್ಲುತ್ತದೆ. ಸಣಕಲು ಹುಡುಗರಿಗೆ ಅಷ್ಟು ವೇಗ ಪುಕ್ಕಟೆ ಸಿಗುವುದಿಲ್ಲ, ಅವರ ತೂಕಕ್ಕೆ ಹೋಲಿಸಿದರೆ ಗಾಳಿಯ ತಡೆ ಹೆಚ್ಚು. ಹತ್ತುವಾಗ ಒಂದೊಂದು ಮೀಟರಿಗೂ ಸುಂಕ ವಸೂಲಿ ಮಾಡಿದ ನನ್ನ ಹೊಟ್ಟೆ, ಇಳಿಯುವಾಗ ಅದನ್ನೆಲ್ಲ ಬಡ್ಡಿ ಸಮೇತ ಹಿಂದಿರುಗಿಸಲು ತುದಿಗಾಲಿನಲ್ಲಿ ನಿಂತಿರುತ್ತದೆ. ನನಗೆ ಬೇಡ ಎಂದರೂ ಕೇಳುವುದಿಲ್ಲ.

ಇನ್ನು ತಿರುವುಗಳು. ಕೇಂದ್ರಾಭಿಮುಖ ಬಲದ ಪಾಠವನ್ನು ಇಪ್ಪತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ನಿರ್ಭಯವಾಗಿ ಮಾಡುತ್ತಿದ್ದೇನೆ. 20 ಮೀಟರ್ ತ್ರಿಜ್ಯದ ತಿರುವನ್ನು 40 ಕಿ.ಮೀ. ವೇಗದಲ್ಲಿ ದಾಟಬೇಕಾದರೆ ಸೈಕಲ್ಲು 32 ಡಿಗ್ರಿ ವಾಲಬೇಕು. ಕೋನಮಾಪಕ ಹಿಡಿದು ಗೋಡೆಯ ಮೇಲೆ ಒಮ್ಮೆ ಗೆರೆ ಎಳೆದು ನೋಡಿ, 32 ಡಿಗ್ರಿ ಎಂದರೆ ಮನುಷ್ಯ ಅರ್ಧ ಮಲಗಿದ ಹಾಗೆಯೇ. ಅದೇ ತಿರುವನ್ನು 20ರ ವೇಗದಲ್ಲಿ ದಾಟಿದರೆ 9 ಡಿಗ್ರಿ ಸಾಕು, ಕುಟುಂಬಸ್ಥರು ವಾಲಬಹುದಾದ ಕೋನ. ಈ ಸೂತ್ರದ ಒಂದು ಸೌಜನ್ಯವನ್ನು ಮೆಚ್ಚಲೇಬೇಕು: ಅದರಲ್ಲಿ ಸವಾರನ ತೂಕ ಎಲ್ಲಿಯೂ ಬರುವುದಿಲ್ಲ. ನನ್ನ ತೂಕದ ಬಗ್ಗೆ ಇಷ್ಟು ನಿಷ್ಪಕ್ಷಪಾತವಾಗಿರುವವರು ನಮ್ಮ ಮನೆಯಲ್ಲಿಯೂ ಇಲ್ಲ.

ನಮ್ಮ ಸೈಕಲ್ ಗುಂಪಿನ ಹುಡುಗರು ಕೊಡುವ ಸಲಹೆಗಳೆಲ್ಲ ಸರಿಯಾದವೇ. ತಿರುವಿನ ಒಳಗೆ ಬ್ರೇಕ್ ಹಾಕಬೇಡಿ ಸರ್, ಮೊದಲೇ ಹಾಕಿ ವೇಗ ತಗ್ಗಿಸಿಕೊಳ್ಳಿ. ಹೊರಬದಿಯ ಪೆಡಲ್ ಕೆಳಗಿರಲಿ, ಭಾರವೆಲ್ಲ ಅದರ ಮೇಲಿರಲಿ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ಕೊನೆಯದು ಎಲ್ಲಕ್ಕಿಂತ ಮುಖ್ಯ: ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ, ಎಲ್ಲಿಗೆ ಹೋಗಬಾರದೋ ಅಲ್ಲಿ ನೋಡಬೇಡಿ. ಕಣ್ಣು ಹೋದ ಕಡೆ ಸೈಕಲ್ಲು ಹೋಗುತ್ತದೆ.

ಈ ಕೊನೆಯ ಸಲಹೆ ಎಷ್ಟು ನಿಜ ಎಂಬುದನ್ನು ನನಗೆ ತೋರಿಸಿಕೊಟ್ಟಿದ್ದು ಒಂದು ಮಂಗ. ವ್ಯೂ ಪಾಯಿಂಟಿನಿಂದ ಸ್ವಲ್ಪ ಕೆಳಗೆ, ಎಡಕ್ಕೆ ತಿರುಗುವಲ್ಲಿ, ತಡೆಗೋಡೆಯ ಮೇಲೆ ಅದು ಕುಳಿತಿತ್ತು. ಕೈಯಲ್ಲಿ ಯಾರೋ ಪ್ರಸಾದದ ಜೊತೆ ಕೊಟ್ಟ ಬಾಳೆಹಣ್ಣು. ಸಿಪ್ಪೆಯನ್ನು ಮೂರು ಎಳೆಯಾಗಿ ಅಚ್ಚುಕಟ್ಟಾಗಿ ಬಿಡಿಸಿಕೊಂಡು, ಲಲಿತಮಹಲಿನ ಕಡೆ ನೋಡುತ್ತಾ ತಿನ್ನುತ್ತಿತ್ತು. ಇದು ರಸ್ತೆಗೆ ಹಾರಿದರೆ ಏನು ಗತಿ ಎಂದು ನಾನು ಅದರ ಮೇಲೆಯೇ ಕಣ್ಣಿಟ್ಟೆ. ಸೈಕಲ್ಲು ವಿಧೇಯತೆಯಿಂದ ನೇರವಾಗಿ ಅದರ ಕಡೆಗೇ ಹೊರಟಿತು. ಎರಡೂ ಬ್ರೇಕುಗಳನ್ನು ಒತ್ತಿದೆ. ರಿಮ್ಮಿಗೆ ರಬ್ಬರ್ ತಾಗಿ ಎದ್ದ ಕಿರ್ ಎಂಬ ಸದ್ದಿಗೆ ಮೆಟ್ಟಿಲಿನ ಕಡೆಯಿದ್ದ ಭಕ್ತರೂ ತಿರುಗಿ ನೋಡಿದರಂತೆ. ಮುಂದಿನ ಚಕ್ರ ಗೋಡೆಗೆ ಮೆಲ್ಲಗೆ ತಾಗಿ ನಿಂತಾಗ ನನಗೂ ಮಂಗಕ್ಕೂ ಮೊಳದಷ್ಟು ಅಂತರ. ಅದು ಹೆದರಲಿಲ್ಲ, ಹಲ್ಲು ಕಿರಿಯಲಿಲ್ಲ. ಹಣ್ಣಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, ಕೈಚಾಚಿ ನನ್ನ ಸೈಕಲ್ಲಿನ ಪುಟ್ಟ ಚೀಲದಿಂದ ಎನರ್ಜಿ ಜೆಲ್ಲಿನ ಪೊಟ್ಟಣವನ್ನು ಎತ್ತಿಕೊಂಡಿತು. ಹಲ್ಲಿನಿಂದ ಹರಿಯಿತು, ನೆಕ್ಕಿತು, ಮುಖ ಸಿಂಡರಿಸಿ ಪೊಟ್ಟಣವನ್ನು ನನ್ನ ಕಾಲ ಬುಡಕ್ಕೇ ಎಸೆಯಿತು. ಸ್ಪರ್ಧೆಯ ದಿನ ಇಡೀ ಊಟದ ಬದಲಿಗೆ ನಾನು ನುಂಗುವ ಪದಾರ್ಥ ಅದು!

ಬ್ರೇಕಿನ ಪರವಾಗಿ ನಾಲ್ಕು ಮಾತು ಆಡಬೇಕು. 92 ಕಿಲೋ ಭಾರ, ಎಂದರೆ ನಾನು ಮತ್ತು ಸೈಕಲ್ಲು, 250 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 225 ಕಿಲೋಜೌಲ್. ನಮ್ಮ ಗುಂಪಿನವರು ಅದರ ಬಹುಪಾಲನ್ನು ಗಾಳಿಗೆ ಕೊಡುತ್ತಾರೆ. ನಾನು ಗಾಳಿಗೆ ಏನನ್ನೂ ಬಿಟ್ಟುಕೊಡದೆ ಬ್ರೇಕಿಗೇ ಉಣಿಸುತ್ತೇನೆ. ಆಹಾರದ ಲೆಕ್ಕಕ್ಕೆ ಇಳಿಸಿದರೆ ಇದು ಐವತ್ತನಾಲ್ಕು ಕ್ಯಾಲೊರಿ, ಹೆಚ್ಚುಕಡಿಮೆ ಒಂದು ಇಡ್ಲಿ. ಒಂದು ಇಡ್ಲಿಯ ಶಕ್ತಿಗೆ ಇಷ್ಟು ಹೆದರುತ್ತೀರಾ ಎಂದು ಹೆಂಡತಿ ಕೇಳಿದಳು. ಇಡ್ಲಿ ತಟ್ಟೆಯಲ್ಲಿ ಕುಳಿತಿರುತ್ತದೆ, ತಿರುವಿನಲ್ಲಿ ನಮ್ಮನ್ನು ಕಂದಕಕ್ಕೆ ಎಸೆಯುವುದಿಲ್ಲ ಎಂದೆ. ಅಲ್ಲಿಗೆ ಚರ್ಚೆ ನಿಂತಿತು, ಚಟ್ನಿ ಬಂತು.

ತಮಾಷೆ ಪಕ್ಕಕ್ಕಿಡೋಣ. ದೂರದ ಟ್ರಯಥ್ಲಾನಿನಲ್ಲಿ ಈ ಭಯಕ್ಕೆ ಸಕಾರಣವೂ ಇದೆ. ಬೆಳಗಿನ ಚಳಿಯಲ್ಲಿ, ಕಾಫಿ ಕುಡಿದು, ತಾಜಾ ತಲೆಯಿಂದ ಬೆಟ್ಟ ಇಳಿಯುವುದು ಒಂದು ತರಹ. ಈಜಿ ಬಂದು, ನಾಲ್ಕು ಗಂಟೆ ಪೆಡಲ್ ತುಳಿದು, ಕೈ ಜೋಮು ಹಿಡಿದು, ಕಣ್ಣಿಗೆ ಬೆವರಿನ ಉಪ್ಪು ಇಳಿದಿರುವಾಗ ಇಳಿಜಾರು ಎದುರಾಗುವುದು ಇನ್ನೊಂದು ತರಹ. ಆ ಹೊತ್ತಿಗೆ ಮೆದುಳು ಎರಡನ್ನು ಎರಡರಿಂದ ಕೂಡಿಸುವ ಸ್ಥಿತಿಯಲ್ಲಿಯೂ ಇರುವುದಿಲ್ಲ, ಕೋನ ಲೆಕ್ಕ ಹಾಕುವುದು ದೂರದ ಮಾತು. ಇದರ ಮೇಲೆ ಸೈಕಲ್ಲಿನ ವಿನ್ಯಾಸ ಬೇರೆ. ಗಾಳಿಯನ್ನು ಸೀಳಲೆಂದು ಮೊಣಕೈ ಊರಿ ಮುಂದಕ್ಕೆ ಬಾಗುವ ಏರೋ ಬಾರ್ ಇರುತ್ತದೆ. ಅದನ್ನು ಹಿಡಿದಾಗ ಬ್ರೇಕ್ ಕೈಗೆ ಸಿಗುವುದಿಲ್ಲ, ಬ್ರೇಕಿರುವುದು ಪಕ್ಕದ ಹಿಡಿಗಳಲ್ಲಿ. ಬ್ರೇಕನ್ನು ಕೈಗೆಟುಕದಷ್ಟು ದೂರ ಇಟ್ಟ ಮಹಾನುಭಾವ ಬೆಟ್ಟವಿಲ್ಲದ ಊರಿನವನೇ ಇರಬೇಕು. ಎತ್ತರದ ರಿಮ್ಮಿನ ಚಕ್ರ ಹಾಕಿದ್ದರೆ ಅಡ್ಡಗಾಳಿ ಬಂದು ಸೈಕಲ್ಲನ್ನು ರಸ್ತೆಯ ಆ ಬದಿಗೆ ತಳ್ಳುತ್ತದೆ. ಹೆದರಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದರೆ ಕೈಯ ನಡುಕ ಅದಕ್ಕೂ ಇಳಿದು ಇಡೀ ಸೈಕಲ್ಲೇ ನಡುಗತೊಡಗುತ್ತದೆ. ಅದು ನಡುಗುವುದನ್ನು ಕಂಡು ನಾವು ಇನ್ನಷ್ಟು ಬಿಗಿಯುತ್ತೇವೆ. ಆಗ ಹಿಡಿತ ಸಡಿಲಿಸಿ, ಮೊಣಕಾಲನ್ನು ಸೈಕಲ್ಲಿನ ಮೇಲಿನ ಕೊಳವೆಗೆ ಒತ್ತಿ ಹಿಡಿಯಬೇಕು ಎನ್ನುತ್ತಾರೆ ಬಲ್ಲವರು. ಉಪಾಯ ಒಳ್ಳೆಯದೇ. ಆ ಹೊತ್ತಿನಲ್ಲಿ ಮೊಣಕಾಲು ನಮ್ಮ ಮಾತು ಕೇಳುವಂತಿರಬೇಕು.

ಒಂದು ಸ್ಪರ್ಧೆಯಲ್ಲಿ ಮೇಲ್ಸೇತುವೆಯಿಂದ ಇಳಿಯುವಾಗ ಸ್ವಯಂಸೇವಕನೊಬ್ಬ ಓಡಿ ಬಂದು, "ಸರ್, ಪಂಕ್ಚರ್ ಆಯಿತೇ? ಮೆಕ್ಯಾನಿಕ್ ಕರೆಯಲೇ?" ಎಂದು ಕೇಳಿದ. ಇಲ್ಲಪ್ಪ, ಇಳಿಯುತ್ತಿದ್ದೇನೆ ಎಂದೆ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಹೀಗಾಗಿ ಸ್ಪರ್ಧೆಗಳನ್ನು ಆರಿಸಿಕೊಳ್ಳುವಾಗ ಉಳಿದವರು ಹವಾಮಾನ, ಹೋಟೆಲ್, ವಿಮಾನದ ದರ ನೋಡಿದರೆ ನಾನು ರಸ್ತೆಯ ಏರಿಳಿತದ ನಕ್ಷೆಯ ಬಲಬದಿಯನ್ನು, ಎಂದರೆ ಇಳಿಯುವ ಬದಿಯನ್ನು, ನೋಡುತ್ತೇನೆ. 2023ರಲ್ಲಿ ಐರನ್‌ಮ್ಯಾನ್ ಪುರುಷರ ವಿಶ್ವ ಚಾಂಪಿಯನ್‌ಷಿಪ್ ಹವಾಯಿಯಿಂದ ಫ್ರಾನ್ಸಿನ ನೀಸ್ ನಗರಕ್ಕೆ ಹೋಯಿತು. ಸೈಕಲ್ ಭಾಗದಲ್ಲಿ 2,400 ಮೀಟರಿನಷ್ಟು ಏರು, ಚಾಮುಂಡಿ ಬೆಟ್ಟವನ್ನು ಒಂಬತ್ತು ಹತ್ತು ಬಾರಿ ಹತ್ತಿದ ಲೆಕ್ಕ. ಹೊರಟ ಕಡಲತೀರಕ್ಕೇ ಮರಳಬೇಕಾದ್ದರಿಂದ ಇಳಿಯುವುದೂ ಅಷ್ಟೇ. ನನಗೆ ಅಲ್ಲಿ ಅರ್ಹತೆ ಸಿಗುವ ಅಪಾಯವಿಲ್ಲದಿದ್ದರೂ ಮುಂಜಾಗ್ರತೆಯಾಗಿ ಆ ಹೆಸರನ್ನು ಹೊಡೆದುಹಾಕಿದೆ. ಅದೇ ದೇಶದ ಎಂಬ್ರೂನ್‌ಮ್ಯಾನ್‌ನಲ್ಲಿ 2,360 ಮೀಟರ್ ಎತ್ತರದ ಇಝೋರ್ ಕಣಿವೆದಾರಿ ಹತ್ತಿ ಇಳಿಯಬೇಕು. ಪುಣ್ಯಕ್ಕೆ ಅದು ನಡೆಯುವುದು ಆಗಸ್ಟ್ 15ರಂದು. ಕಾಲೇಜಿನಲ್ಲಿ ಧ್ವಜಾರೋಹಣಕ್ಕೆ ಹಾಜರಾತಿ ಕಡ್ಡಾಯ. ದೇಶಭಕ್ತಿ ನನ್ನನ್ನು ಉಳಿಸಿತು. ನಾರ್ವೆಯ ನಾರ್ಸ್‌ಮನ್ ಮಾತ್ರ ಕೆಲವು ದಿನ ಆಸೆ ಹುಟ್ಟಿಸಿತ್ತು. ಹಡಗಿನಿಂದ ತಣ್ಣನೆಯ ನೀರಿಗೆ ಧುಮುಕಬೇಕು, ಚಿಂತೆಯಿಲ್ಲ. ಓಟ ಮುಗಿಯುವುದೇ 1,850 ಮೀಟರ್ ಎತ್ತರದ ಬೆಟ್ಟದ ಮೇಲೆ, ಇಳಿಯುವ ರಗಳೆಯಿಲ್ಲ. ಎಂಥ ಸುಸಂಸ್ಕೃತ ದೇಶ ಎಂದುಕೊಂಡೆ. ಆಮೇಲೆ ನೋಡಿದರೆ ಸೈಕಲ್ ಭಾಗದಲ್ಲಿ ಕಡಿದಾದ ಇಳಿಜಾರು ಇದ್ದೇ ಇದೆ.

ಬೆಟ್ಟದಲ್ಲಿ ನನ್ನನ್ನು ಹಿಂದಿಕ್ಕದವರು ಯಾರೂ ಉಳಿದಿಲ್ಲ. ನಮ್ಮ ಗುಂಪಿನ ಹುಡುಗರು ಸರಿ. ಮೊಪೆಡ್ಡಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವರು, ಹೊಸ ಸ್ಕೂಟರಿಗೆ ಪೂಜೆ ಮಾಡಿಸಿ ನಿಂಬೆಹಣ್ಣನ್ನು ಚಕ್ರದಡಿ ಅಪ್ಪಚ್ಚಿ ಮಾಡಿ ಹೊರಟ ನವದಂಪತಿ, ಕೊನೆಗೆ ತುಂಬಿ ತುಳುಕುವ ಸಿಟಿ ಬಸ್ಸು. ಬಸ್ಸಿನವರು ಪಾಪ, ನನ್ನ ಹಿಂದೆ ಎರಡು ತಿರುವು ತಾಳ್ಮೆಯಿಂದ ಬಂದು, ಕಿಟಕಿಯಿಂದ ಮಕ್ಕಳು ಟಾಟಾ ಮಾಡುವಷ್ಟು ನಿಧಾನವಾಗಿಯೇ ದಾಟುತ್ತಾರೆ. ಇಡೀ ಬೆಟ್ಟದಲ್ಲಿ ನನ್ನ ಮನಸ್ಸನ್ನು ಅರ್ಥ ಮಾಡಿಕೊಂಡವನು ನಂದಿ ಒಬ್ಬನೇ. ದೊಡ್ಡದೇವರಾಜ ಒಡೆಯರ ಕಾಲದಿಂದ, ಎಂದರೆ ಮೂರೂವರೆ ಶತಮಾನದಿಂದ, ಇಳಿಜಾರಿನಲ್ಲೇ ಕುಳಿತಿದ್ದಾನೆ. ಒಮ್ಮೆಯಾದರೂ ಇಳಿಯುವ ಆತುರ ತೋರಿಸಿದ್ದಾನೆಯೇ?

2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದಾಗ ಊರಿಗೆಲ್ಲ ಆತಂಕ. ನನಗೂ ಆತಂಕವೇ, ಆದರೆ ಆ ದಾರಿಯಲ್ಲಿ ಇಳಿಯೋಣ ಎಂದು ಕರೆಯುವವರ ಬಾಯಿ ಮುಚ್ಚಿತಲ್ಲ ಎಂಬ ಸಣ್ಣ ಸಮಾಧಾನವೂ ಇತ್ತು ಎನ್ನುವುದನ್ನು ಯಾರಿಗೂ ಹೇಳಿರಲಿಲ್ಲ. ಆಷಾಢ ಶುಕ್ರವಾರಗಳೂ ಹಾಗೆಯೇ. ಅಂದು ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಹಿಂದಿನ ರಾತ್ರಿ ಅಲಾರಂ ಇಡದೆ ಮಲಗುವ ಸುಖಕ್ಕೆ ತಾಯಿ ಚಾಮುಂಡೇಶ್ವರಿಯ ಕೃಪೆ ಎನ್ನದೆ ಬೇರೆ ಏನೆನ್ನಬೇಕು?

ಅಷ್ಟಕ್ಕೂ ನಷ್ಟವೇನು? ಐದು ಕಿಲೋಮೀಟರನ್ನು 50ರ ವೇಗದಲ್ಲಿ ಇಳಿದರೆ ಆರು ನಿಮಿಷ, 25ರ ವೇಗದಲ್ಲಿ ಇಳಿದರೆ ಹನ್ನೆರಡು. ಹದಿನೇಳು ಗಂಟೆಯ ವ್ಯವಹಾರದಲ್ಲಿ ಆರು ನಿಮಿಷಕ್ಕೆ ಮೈಕೈ ಒತ್ತೆ ಇಡುವುದು ಯಾವ ಜಾಣತನ? ಬಟ್ಟೆ ಬದಲಿಸುವ ಜಾಗದಲ್ಲಿ ಕಾಲುಚೀಲ ಹುಡುಕುವುದಕ್ಕೇ ನನಗೆ ಅಷ್ಟು ಹೊತ್ತು ಬೇಕು.

ಈ ಲೆಕ್ಕವನ್ನು ಹುಡುಗರ ತಲೆಗೂ ತುಂಬೋಣ ಎಂದು ಕಳೆದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ: "ಚಾಮುಂಡಿ ಬೆಟ್ಟದಿಂದ ಇಳಿಯುತ್ತಿರುವ ಸೈಕಲ್ ಸವಾರನು 20 ಮೀಟರ್ ತ್ರಿಜ್ಯದ ತಿರುವನ್ನು ಸುರಕ್ಷಿತವಾಗಿ ದಾಟಲು ಎಷ್ಟು ಡಿಗ್ರಿ ವಾಲಬೇಕು? ವೇಗ ಗಂಟೆಗೆ 40 ಕಿ.ಮೀ." ಹಿಂದಿನ ಬೆಂಚಿನ ಹುಡುಗನೊಬ್ಬ, ಭಾನುವಾರಗಳಂದು ಅಪ್ಪನ ಜೊತೆ ಬೆಟ್ಟದ ಮೇಲೆ ಎಳನೀರು ಮಾರುವವನು, ಲೆಕ್ಕವನ್ನು ಸರಿಯಾಗಿ ಮಾಡಿ 32 ಎಂದು ಬರೆದಿದ್ದ. ಕೆಳಗೆ ಒಂದು ಟಿಪ್ಪಣಿ: "ಸವಾರರು ನಮ್ಮ ಸರ್ ಆಗಿದ್ದರೆ ಪ್ರಶ್ನೆಯಲ್ಲಿ ಕೊಟ್ಟಿರುವ ವೇಗ ತಪ್ಪು." ಡಿಗ್ರಿಯ ಚಿಹ್ನೆ ಹಾಕಿರಲಿಲ್ಲ. ಅರ್ಧ ಅಂಕ ಕಳೆದೆ.