ಗೊರಿಲ್ಲಾಗೊಂದು ತಾಯತ

ಭಾವನವರಿಗೆ ಹೊಸ ಮೊಬೈಲ್ ಕೊಳ್ಳುವ ಕೆಲಸವಿತ್ತು. ಜೊತೆಗೆ ನಾನೂ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ ಡಬ್ಬಿಯೊಳಗಿನಿಂದ ಫೋನನ್ನು ಹಸುಗೂಸಿನ ಹಾಗೆ ಎತ್ತಿ, ಅಂಗೈ ಮೇಲೆ ಮಲಗಿಸಿಕೊಂಡು, ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು ತೋರಿಸಿದ. “ಗೊರಿಲ್ಲಾ ಗ್ಲಾಸ್ ಸಾರ್. ಎರಡು ಮೀಟರ್ ಮೇಲಿಂದ ಬಿದ್ದರೂ ಏನೂ ಆಗುವುದಿಲ್ಲ.” ನಾವಿಬ್ಬರೂ ತಲೆದೂಗಿದೆವು. ಹುಡುಗ ಉಗುಳು ನುಂಗಿದ. “ಮೊದಲು ಒಂದು ಟೆಂಪರ್ಡ್ ಹಾಕಿಸಿಬಿಡಿ ಸಾರ್. ಬಿದ್ದರೆ ಡಿಸ್‌ಪ್ಲೇ ಹೋಗುತ್ತದೆ, ಹನ್ನೆರಡು ಸಾವಿರ.” ನಾವಿಬ್ಬರೂ ಅದಕ್ಕೂ ತಲೆದೂಗಿದೆವು.

ಎರಡು ತಲೆದೂಗುಗಳ ನಡುವೆ ನಾಲ್ಕು ಸೆಕೆಂಡ್ ಇತ್ತೋ ಇಲ್ಲವೋ. ಒಡೆಯದ ಗಾಜಿಗೆ ಒಮ್ಮೆ ದುಡ್ಡು ಕೊಡುವುದು, ಅದು ಒಡೆಯದಿರಲಿ ಎಂದು ಮೇಲೊಂದು ಗಾಜು ಅಂಟಿಸಲು ಇನ್ನೊಮ್ಮೆ ದುಡ್ಡು ಕೊಡುವುದು: ಈ ವ್ಯವಹಾರ ಊರೂರಿನ ಮೊಬೈಲ್ ಅಂಗಡಿಯಲ್ಲಿ ಬೆಳಗಿನಿಂದ ಬಾಗಿಲು ಹಾಕುವವರೆಗೆ ನಡೆಯುತ್ತದೆ. ಇಷ್ಟು ತಲೆದೂಗಿಯೂ ಯಾರ ಕುತ್ತಿಗೆಯೂ ಉಳುಕಿಲ್ಲ. ದಸರಾ ಕುಸ್ತಿಯ ಪೈಲ್ವಾನನನ್ನು ಮನೆ ಕಾವಲಿಗೆ ನೇಮಿಸಿ, ಅವನನ್ನು ಯಾರೂ ಹೊಡೆಯದ ಹಾಗೆ ನೋಡಿಕೊಳ್ಳಲು ಪಕ್ಕದ ಬೀದಿಯ ಸಣಕಲು ಹುಡುಗನನ್ನು ನಿಲ್ಲಿಸಿದಂತೆ.

ಭಾವನವರು ಸುಮ್ಮನೆ ಬಂದಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮಗಳ ಮದುವೆಗೂ ಇಷ್ಟು ಜಾತಕ ತಾಳೆ ನೋಡಿರಲಿಲ್ಲ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಆರು ಫೋನುಗಳ ಕುಂಡಲಿ ಬರೆದು ತಂದಿದ್ದರು. ಒಂದಕ್ಕೆ ಎಲ್‌ಸಿಡಿ ಪರದೆ ಎಂದು ಗೊತ್ತಾದ ಕೂಡಲೇ ಕುಜದೋಷ ಕಂಡವರಂತೆ ಅಡ್ಡಗೆರೆ ಎಳೆದಿದ್ದರು. ಉಳಿದ ಐದೂ ಅಮೋಲೆಡ್ ಕುಲದವು. ಅದರಲ್ಲೂ ಬರೀ ಅಮೋಲೆಡ್, ಸೂಪರ್ ಅಮೋಲೆಡ್, ಡೈನಾಮಿಕ್ ಅಮೋಲೆಡ್, ಫ್ಲೂಯಿಡ್ ಅಮೋಲೆಡ್ ಎಂದು ಒಳಪಂಗಡಗಳಿವೆ. ಇವುಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ಇದೆಯೋ ಇಲ್ಲವೋ ತಿಳಿಯದು.

ಎಲ್‌ಸಿಡಿಗೂ ಓಲೆಡ್‌ಗೂ (ಅಮೋಲೆಡ್‌ಗಳೆಲ್ಲ ಈ ಓಲೆಡ್ ವಂಶದವೇ) ವ್ಯತ್ಯಾಸ ಇರುವುದು ನಿಜ. ಎಲ್‌ಸಿಡಿಯಲ್ಲಿ ಹಿಂದೊಂದು ದೀಪ ಸದಾ ಉರಿಯುತ್ತಿರುತ್ತದೆ. ಅದರ ಮುಂದೆ ದ್ರವಸ್ಫಟಿಕದ ಪುಟ್ಟ ಪುಟ್ಟ ಕದಗಳು. ಕದ ಎಷ್ಟು ಭದ್ರವಾಗಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುವುದರಿಂದ ಅದರ ಕಪ್ಪು ಒಂದು ಬಗೆಯ ಬೂದಿಯ ಬಣ್ಣ. ಓಲೆಡ್‌ನಲ್ಲಿ ಪ್ರತಿ ಚುಕ್ಕೆಯೂ ತಾನೇ ಒಂದು ದೀಪ. ಕಪ್ಪು ಬೇಕಾದಲ್ಲಿ ದೀಪ ಆರಿಬಿಡುತ್ತದೆ. ದೀಪ ಆರಿಸಿದ್ದಕ್ಕೆ ಹೆಚ್ಚಿನ ದರ ವಸೂಲು ಮಾಡುವ ಈ ಉಪಾಯ ನಮ್ಮ ಕರೆಂಟಿನವರಿಗೆ ಇನ್ನೂ ಹೊಳೆದಿಲ್ಲ, ಅವರು ಪುಕ್ಕಟೆಯಾಗಿಯೇ ಆರಿಸುತ್ತಿದ್ದಾರೆ. ಇನ್ನು, ಓಲೆಡ್‌ನ ಚುಕ್ಕೆಗಳಿಗೆ ವಯಸ್ಸಾಗುತ್ತದೆ. ಒಂದೇ ಚಿತ್ರ ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಅದರ ಛಾಯೆ ಅಲ್ಲೇ ಮಚ್ಚೆಯಾಗಿ ಉಳಿಯುತ್ತದೆ. ವಧುವಿನ ಕಡೆಯವರು ಇದನ್ನು ಜಾತಕದಲ್ಲಿ ಬರೆಯುವುದಿಲ್ಲ.

ಆಮೇಲೆ ನಿಟ್ಸ್, ಅಂದರೆ ಪರದೆಯ ಬೆಳಕಿನ ಅಳತೆ. 2024ರಲ್ಲಿ ನಮ್ಮ ಮಾರುಕಟ್ಟೆಗೆ 4,500 ನಿಟ್ಸ್ ಎಂದು ಡಂಗುರ ಹೊಡೆದುಕೊಂಡು ಒಂದು ಫೋನ್ ಬಂತು. ಅದೇ ವರ್ಷ 6,000 ಎಂದು ಮತ್ತೊಂದು. ಆ ಸಂಖ್ಯೆ ಪರದೆಯ ಒಂದು ಚೂರಿಗೆ, ಅದೂ ಅದಕ್ಕೆಂದೇ ತಯಾರಾದ ವಿಡಿಯೋ ಓಡುವಾಗ, ಕೆಲವು ಕ್ಷಣಗಳಿಗೆ ಸಿಗುವಂಥದ್ದು. ಇಡೀ ಪರದೆ ಬಿಸಿಲಿನಲ್ಲಿ ಬೆಳಗುವುದು ಅದರ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ. ಬೈಕಿನ ಜಾಹೀರಾತಿನ ಮೈಲೇಜು ಎಂದುಕೊಂಡರೆ ಸಾಕು. ಭಾವನವರು ಇದೊಂದೇ ಸಾಲಿಗಾಗಿ ನಾಲ್ಕು ಸಾವಿರ ಹೆಚ್ಚು ಕೊಡಲು ಒಪ್ಪಿದರು. ಒಪ್ಪಿದ ಮೇಲೆ ಹುಡುಗನ ಕಿವಿಯ ಹತ್ತಿರ ಬಾಗಿ, “ಬಸ್ಸಿನಲ್ಲಿ ಪಕ್ಕದವರು ಇಣುಕುತ್ತಾರಪ್ಪ, ಆ ಪ್ರೈವೆಸಿ ಗ್ಲಾಸ್ ಇದೆಯಲ್ಲ, ಅದನ್ನೇ ಹಾಕು” ಎಂದರು. ಪ್ರೈವೆಸಿ ಗ್ಲಾಸ್ ಎಂದರೆ ಒಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ತಡಿಕೆಗಳನ್ನು ನಿಲ್ಲಿಸಿ ಪಕ್ಕಕ್ಕೆ ಹೋಗುವ ಬೆಳಕನ್ನು ಅಡ್ಡಗಟ್ಟುವ ಗಾಜು. ನೇರಕ್ಕೆ ಬರುವ ಬೆಳಕಿನಲ್ಲೂ ಅದು ತನ್ನ ಪಾಲು ಹಿಡಿದುಕೊಂಡೇ ಬಿಡುತ್ತದೆ. ನಾಲ್ಕು ಸಾವಿರದ ಬೆಳಕಿಗೆ ಮುನ್ನೂರು ರೂಪಾಯಿಯ ಕತ್ತಲು. ಪಕ್ಕದವರು ಇಣುಕಿದರೆ ಕಾಣುತ್ತಿದ್ದುದಾದರೂ ಏನು? ಗುಲಾಬಿ ಹೂವಿನ ಮೇಲೆ ‘ಶುಭೋದಯ’.

ಸೆಕೆಂಡಿಗೆ 120 ಸಲ ಹೊಸತಾಗುವ ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿನಿಮಾ ಮಾತು ಕಲಿತ ಕಾಲದಿಂದಲೂ ಸೆಕೆಂಡಿಗೆ 24 ಚಿತ್ರಗಳಲ್ಲೇ ನಮ್ಮನ್ನು ಅಳಿಸಿ ನಗಿಸಿದೆ. ಬೆರಳಿನಲ್ಲಿ ಪರದೆಯನ್ನು ಸರ್ರನೆ ಜಾರಿಸುವಾಗ 120ರ ಸುಖ ತಿಳಿಯುತ್ತದೆ, ಒಪ್ಪುತ್ತೇನೆ; ಆದರೆ ಭಾವನವರು ಒಂದು ಸುದ್ದಿಯ ಮೇಲೆ ಬೆರಳಿಟ್ಟರೆ ಮಧ್ಯಾಹ್ನದವರೆಗೆ ತೆಗೆಯುವವರಲ್ಲ.

ಗಾಜಿನ ಗೂಡಿಗೆ ಬರೋಣ. ಹುಡುಗ ಗೋಡೆಯ ಕಡೆ ಕೈ ತೋರಿಸಿದ. ನೂರಾರು ತೆಳು ಪೊಟ್ಟಣಗಳು ದೇವರ ಪಟಗಳ ಹಾಗೆ ಸಾಲಾಗಿ ನೇತಾಡುತ್ತಿದ್ದವು. ಒಂದೊಂದರ ಮೇಲೂ ಚಿನ್ನದ ಅಕ್ಷರದಲ್ಲಿ ‘9ಎಚ್’. “ವಜ್ರ ಎಷ್ಟು ಸಾರ್? ಹತ್ತು. ಇದು ಒಂಬತ್ತು” ಎಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಜ್ರಕ್ಕೆ ಹತ್ತು ಅಂಕ ಕೊಟ್ಟವನು ಫ್ರೆಡರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ, 1812ರಲ್ಲಿ. ಅವನ ಪಟ್ಟಿಯಲ್ಲಿ ನೀಲಮಣಿಗೆ ಒಂಬತ್ತು, ಮರಳಿನಲ್ಲಿರುವ ಬೆಣಚುಕಲ್ಲಿಗೆ ಏಳು. ಗಾಜು ಐದೂವರೆ ಆರರ ಹತ್ತಿರ ಕುಕ್ಕರಿಸುತ್ತದೆ. ಪೊಟ್ಟಣದ ಮೇಲಿನ 9ಎಚ್‌ಗೂ ಮೋಸ್‌ಗೂ ನಂಟಿಲ್ಲ. ಎಚ್ ಎಂದರೆ ಪೆನ್ಸಿಲ್. ಚಿತ್ರ ಬಿಡಿಸುವವರು ಅಂಗಡಿಯಲ್ಲಿ ಕೇಳುತ್ತಾರಲ್ಲ, ಎಚ್‌ಬಿ, 2ಬಿ, 4ಎಚ್ ಎಂದು, ಅದೇ. ಬಣ್ಣ, ವಾರ್ನಿಷ್‌ಗಳ ಲೇಪ ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಒಂದು ಪೆನ್ಸಿಲನ್ನು 45 ಡಿಗ್ರಿ ಓರೆಯಾಗಿ ಹಿಡಿದು, 750 ಗ್ರಾಂ ಭಾರ ಹೇರಿ ತಳ್ಳುವ ಪರೀಕ್ಷೆಯೊಂದಿದೆ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿ ಪೆನ್ಸಿಲ್ 9ಎಚ್. ಆ ಪೆನ್ಸಿಲಿನಿಂದ ಗೀರು ಬೀಳಲಿಲ್ಲ ಎಂಬುದೇ ಈ ಬಿರುದಿನ ಪೂರ್ತಿ ಅರ್ಥ. ಒಳಗಿರುವುದು ಗ್ರಾಫೈಟು ಮತ್ತು ಜೇಡಿಮಣ್ಣು. ನಿಮ್ಮ ಮನೆಯ ಕಿಟಕಿ ಗಾಜಿನ ಮೇಲೆ ಪೆನ್ಸಿಲಿನಲ್ಲಿ ಎಷ್ಟು ಬೇಕಾದರೂ ಗೀಚಿ ನೋಡಿ; ಕಿಟಕಿಗೂ ಚಿನ್ನದ ಅಕ್ಷರ ಹಚ್ಚಬಹುದು. ಪ್ಯಾಂಟಿನ ಜೇಬಿನಲ್ಲಿ ಪೆನ್ಸಿಲ್ ಕಾರ್ಖಾನೆ ಇಟ್ಟುಕೊಂಡು ತಿರುಗುವವರಿಗೆ 9ಎಚ್ ಬಹಳ ಉಪಯೋಗ. ನಮ್ಮ ನಿಮ್ಮ ಜೇಬಿನಲ್ಲಿರುವುದು ರಸ್ತೆಯ ದೂಳು. ಅದರಲ್ಲಿ ಏಳು ಅಂಕದ ಮರಳಿನ ಕಣ.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಮಾದರಿಗೆಂದು ಇಟ್ಟಿದ್ದ ಗಾಜನ್ನು ಕೌಂಟರಿನ ಮೇಲಿಟ್ಟು, ಸೊಂಟದ ಬೀಗದ ಕೈ ತೆಗೆದು, ಹಲ್ಲು ಜುಮ್ಮೆನ್ನುವ ಹಾಗೆ ಹತ್ತು ಸಲ ಕೆರೆದ. ಒಂದೂ ಗೀರಿಲ್ಲ. ಅಂಗಡಿಗೆ ರೀಚಾರ್ಜ್ ಮಾಡಿಸಲು ಬಂದವರೂ ನಿಂತು ನೋಡಿದರು. ಒಬ್ಬಾಕೆ ‘ಅಬ್ಬಾ’ ಎಂದರು. ಬೀಗದ ಕೈ ಹಿತ್ತಾಳೆಯದು. ಹಿತ್ತಾಳೆಗೆ ಮೋಸ್ ಪಟ್ಟಿಯಲ್ಲಿ ಮೂರೋ ಮೂರೂವರೆಯೋ ಅಂಕ. ಸೌತೆಕಾಯಿಯಿಂದ ಈಳಿಗೆಮಣೆಯನ್ನು ಹತ್ತು ಸಲ ಉಜ್ಜಿ, ಮಣೆಗೆ ಏನೂ ಆಗಲಿಲ್ಲ ನೋಡಿ ಎಂದಂತೆ. ನಾನು ಭಾವನವರ ಮುಖ ನೋಡಿದೆ. ಮೋಸ್ ಪಟ್ಟಿಯನ್ನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಮಹನೀಯರು ಅವರು. “ಭೇಷ್” ಎಂದರು.

ಮುಂದಿನ ಪ್ರಶ್ನೆ ಆಯಾಮದ್ದು. “5ಡಿ ನೂರು ರೂಪಾಯಿ, 11ಡಿ ನೂರೈವತ್ತು, 21ಡಿ ಇನ್ನೂರೈವತ್ತು. ಯಾವುದು ಕೊಡಲಿ?” ಅಂಚು ಸ್ವಲ್ಪ ದುಂಡಗಿರುವ ಗಾಜಿಗೆ 2.5ಡಿ ಎಂದೂ, ಬಾಗಿದ ಪರದೆಗೆ ಹೊಂದುವ ಹಾಗೆ ಬಾಗಿಸಿದ್ದಕ್ಕೆ 3ಡಿ ಎಂದೂ ಕರೆಯುವುದುಂಟು; ಅಲ್ಲಿಯವರೆಗೆ ಸರಿ. ಮುಂದಿನದ್ದೆಲ್ಲ ಹರಾಜು ಕೂಗಿದ ಹಾಗೆ ಏರಿದ್ದು. ವಿಶ್ವದ ಮೂಲ ಹುಡುಕುವ ಭೌತವಿಜ್ಞಾನಿಗಳು 1990ರ ದಶಕದಲ್ಲಿ ಎಂ-ಸಿದ್ಧಾಂತ ಎಂದು ಒಂದನ್ನು ಕಟ್ಟಿದರು. ಅದಕ್ಕೆ ಹನ್ನೊಂದು ಆಯಾಮ ಬೇಕು. ನಮಗೆ ಗೊತ್ತಿರುವ ಮೂರು ಮತ್ತು ಕಾಲವನ್ನು ಬಿಟ್ಟರೆ ಉಳಿಯುವ ಏಳು ಆಯಾಮಗಳನ್ನು ಈವರೆಗೆ ಕಂಡವರಿಲ್ಲ. ಅವರು ನೇರ ಬಸ್ ನಿಲ್ದಾಣಕ್ಕೆ ಬಂದಿದ್ದರೆ ಹನ್ನೊಂದು ನೂರೈವತ್ತಕ್ಕೆ ಸಿಗುತ್ತಿತ್ತು, ಚೌಕಾಶಿ ಮಾಡಿದರೆ ನೂರಿಪ್ಪತ್ತಕ್ಕೆ. 21ಡಿಯಲ್ಲಿ ಹೆಚ್ಚಿನ ಹತ್ತು ಯಾವುವು ಎಂದು ನಾನು ಕೇಳಿಯೇ ಕೇಳಿದೆ. ಹುಡುಗ ಯೋಚಿಸಿ, “ಅಂಚು ಕಪ್ಪಾಗಿರುತ್ತದೆ ಸಾರ್” ಎಂದ.

ಹಿಂಬದಿಯ ಕವಚದ ಮೇಲೆ ‘ಮಿಲಿಟರಿ ಗ್ರೇಡ್’ ಎಂದಿತ್ತು. ಅಮೆರಿಕದ ಸೈನ್ಯದ ಮಾನದಂಡವೊಂದಿದೆ, ಎಂಐಎಲ್-ಎಸ್‌ಟಿಡಿ-810. ಅದರ ಬೀಳಿಸುವ ಪರೀಕ್ಷೆಯಲ್ಲಿ ವಸ್ತುವನ್ನು ನಾಲ್ಕು ಅಡಿ ಎತ್ತರದಿಂದ 26 ಸಲ ಬೀಳಿಸಬೇಕು. ಬೀಳಿಸುವುದು ಕಾಂಕ್ರೀಟಿನ ಮೇಲೆ ಹಾಸಿದ ಪ್ಲೈವುಡ್ ಮೇಲೆ. ಮತ್ತು ಆ 26 ಬೀಳುಗಳನ್ನು ಐದು ಪೀಸುಗಳ ನಡುವೆ ಹಂಚಿಕೊಳ್ಳಬಹುದು. ಐವರು ಅಣ್ಣತಮ್ಮಂದಿರು ಒಂದು ಪರೀಕ್ಷೆಯನ್ನು ಪಾಲು ಮಾಡಿಕೊಂಡು ಬರೆದು ಪಾಸಾದ ಹಾಗೆ. ಪರೀಕ್ಷೆ ಮಾಡಿಸುವವರೂ ಮಾರುವ ಕಂಪನಿಯವರೇ. ಸೈನ್ಯದವರು ಬಂದು ಮುದ್ರೆ ಒತ್ತುವುದಿಲ್ಲ. ಮನೆಯಲ್ಲಿ ಫೋನ್ ಬೀಳಿಸುವುದಿದ್ದರೆ ಮೊದಲು ಪ್ಲೈವುಡ್ ಹಾಸಿಕೊಳ್ಳಿ.

ಅಸಲು ಸಂಗತಿ ಸರಳವಾಗಿದೆ, ಆದ್ದರಿಂದಲೇ ಅದನ್ನು ಯಾವ ಪೊಟ್ಟಣದ ಮೇಲೂ ಬರೆಯುವುದಿಲ್ಲ. ಗಾಜು ಗೀರು ಬೀಳದಷ್ಟು ಗಡುಸಾಗಲು ಹೋದರೆ ಪೆಡಸಾಗಿ ಒಡೆಯುತ್ತದೆ. ಒಡೆಯದಷ್ಟು ಮೆದುವಾದರೆ ಗೀರು ಬೀಳುತ್ತದೆ. ಅತ್ತ ದರಿ ಇತ್ತ ಪುಲಿ. ಆಪಲ್ ಕಂಪನಿಗೆ ನೀಲಮಣಿಯ ಹಾಳೆ ಮಾಡಿಕೊಡಲು ಅರಿಝೋನಾದಲ್ಲಿ ಕಾರ್ಖಾನೆ ಹೂಡಿದ ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ 2014ರ ಅಕ್ಟೋಬರಿನಲ್ಲಿ ದಿವಾಳಿಯಾಯಿತು. ಮರುವರ್ಷ ಮೊಟೊರೋಲಾದವರು ಎದುರು ದಾರಿ ಹಿಡಿದು, ಮೇಲ್ಮೈಗೆ ಪ್ಲಾಸ್ಟಿಕ್ ಹೊದಿಸಿದ ಒಡೆಯದ ಪರದೆ ತಂದರು. ಅದು ನಿಜಕ್ಕೂ ಒಡೆಯಲಿಲ್ಲ. ಜೇಬಿನಿಂದ ಹೊರಬರುವಾಗ ಮೈತುಂಬ ಗೀರು. ಈ ದರಿಗೂ ಪುಲಿಗೂ ನಡುವಿನ ಕಾಲುದಾರಿಯೇ ಗೊರಿಲ್ಲಾ. 1960ರ ದಶಕದಲ್ಲೇ ಗಟ್ಟಿ ಗಾಜು ಮಾಡಿ, ಹೆಚ್ಚು ಗಿರಾಕಿಗಳಿಲ್ಲದೆ ಅಟ್ಟಕ್ಕೆ ಹಾಕಿದ್ದ ಕಾರ್ನಿಂಗ್ ಕಂಪನಿಯನ್ನು ಆಪಲ್‌ನ ಸ್ಟೀವ್ ಜಾಬ್ಸ್ ಐಫೋನಿಗೆ ಗಾಜು ಬೇಕೆಂದು ಕೇಳಿದ ಮೇಲೆ, 2007ರಲ್ಲಿ ಅದು ಅಟ್ಟದಿಂದ ಇಳಿಯಿತು. ಮಾಡುವ ಬಗೆ ಉಪ್ಪಿನಕಾಯಿಯದೇ. ಸುಮಾರು 400 ಡಿಗ್ರಿಯಲ್ಲಿ ಕರಗಿ ಕುದಿಯುವಂತಿರುವ ಪೆಟ್ಲುಪ್ಪಿನಲ್ಲಿ, ಅಂದರೆ ಪೊಟ್ಯಾಸಿಯಮ್ಮಿನ ಒಂದು ಉಪ್ಪಿನಲ್ಲಿ, ಗಾಜನ್ನು ನೆನೆಹಾಕುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಮ್ ಕಣಗಳು ಎದ್ದು ಹೋಗುತ್ತವೆ, ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಮ್ ಕಣಗಳು ಬಂದು ಕೂರುತ್ತವೆ. ಬಸ್ಸಿನ ಮೂವರ ಸೀಟಿನಲ್ಲಿ ಸಣಕಲರು ಇಳಿದು ಮೂವರು ದಢೂತಿಗಳು ಕುಳಿತರೆ ಹೇಗೆ ಒಬ್ಬರೂ ಅಲುಗಾಡಲಾರರೋ ಹಾಗೆ ಮೇಲ್ಪದರ ಬಿಗಿದುಕೊಂಡಿರುತ್ತದೆ. ಬಿರುಕಿಗೆ ಬಾಯಿ ತೆರೆಯಲು ಜಾಗವಿರುವುದಿಲ್ಲ. ಇದೊಂದು ಒಳ್ಳೆಯ ವಿದ್ಯೆ. ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ.

ಇಂಥ ವಿದ್ಯೆಯ ಮೇಲೆ ನಾವು ಹಾಕುವುದು ನೂರು ರೂಪಾಯಿಯ ಹಾಳೆ. 2024ರಲ್ಲಿ ಅದೇ ಕಾರ್ನಿಂಗ್‌ನವರು ಪ್ರತಿಫಲನವನ್ನು ಮುಕ್ಕಾಲು ಪಾಲು ಇಳಿಸುವ ಗಾಜೊಂದನ್ನು ತಂದರು. ಬಿಸಿಲಿನಲ್ಲೂ ಪರದೆಯಲ್ಲಿ ನಮ್ಮ ಮುಖ ಕಾಣದೆ ಅಕ್ಷರ ಕಾಣಲಿ ಎಂದು. ಲಕ್ಷಕ್ಕೂ ಮೇಲೆ ಕೊಟ್ಟು ಆ ಫೋನ್ ಕೊಂಡವರು ಅಂಗಡಿಯಿಂದ ಇಳಿಯುವ ಮೊದಲೇ ಮೇಲೊಂದು ಮಾಮೂಲಿ ಟೆಂಪರ್ಡ್ ಹಾಕಿಸಿ, ತಮ್ಮ ಮುಖವನ್ನು ವಾಪಸ್ ಪಡೆದರು.

ಅಂಟಿಸಿದ್ದನ್ನು ತೆಗೆಯದಿರುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬುದಕ್ಕೆ ಅಂತರರಾಷ್ಟ್ರೀಯ ಸಾಕ್ಷಿಯೂ ಇದೆ. 2019ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಮಡಚುವ ಫೋನನ್ನು ವಿಮರ್ಶಕರಿಗೆ ಕಳಿಸಿತು. ಅವರಲ್ಲಿ ಕೆಲವರು ಮೇಲಿನ ಹಾಳೆಯನ್ನು ಸಾಗಣೆಗೆಂದು ಅಂಟಿಸಿದ್ದು ಎಂದುಕೊಂಡು ಕಿತ್ತರು. ಅದು ಪರದೆಯದೇ ಒಂದು ಪದರ; ಫೋನ್ ಕೆಟ್ಟಿತು, ಬಿಡುಗಡೆ ಸೆಪ್ಟೆಂಬರಿಗೆ ಹೋಯಿತು. ಆ ಫೋನನ್ನು ನಮ್ಮ ಅಕ್ಕನ ಕೈಗೆ ಕೊಟ್ಟಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ಅಕ್ಕನ ಮನೆಯ ಟಿವಿ ರಿಮೋಟಿನ ಪ್ಲಾಸ್ಟಿಕ್ ಚೀಲ ಟಿವಿಗಿಂತ ಹೆಚ್ಚು ಬಾಳಿದೆ.

ಟೆಂಪರ್ಡ್ ಗ್ಲಾಸ್ ಏನೂ ಕೆಲಸ ಮಾಡುವುದಿಲ್ಲ ಎನ್ನಲಾರೆ. ಗೀರನ್ನು ತಾನು ತಿನ್ನುತ್ತದೆ, ಕೆಲವು ಏಟನ್ನೂ. ನನ್ನ ಕುತೂಹಲವೆಲ್ಲ ಅದರ ತರ್ಕದ ಬಗ್ಗೆ. ಫೋನ್ ಬಿದ್ದು ಏನೂ ಆಗದಿದ್ದರೆ ‘ಟೆಂಪರ್ಡ್ ಇತ್ತು, ಬಚಾವಾಯಿತು’. ಟೆಂಪರ್ಡ್ ಒಡೆದರೆ ‘ಅದು ತೆಗೆದುಕೊಂಡಿತು, ಇಲ್ಲದಿದ್ದರೆ ಡಿಸ್‌ಪ್ಲೇ ಹೋಗುತ್ತಿತ್ತು’. ಎರಡೂ ಒಡೆದರೆ ‘ಒರಿಜಿನಲ್ ಹಾಕಿಸಬೇಕಿತ್ತು’. ಈ ತರ್ಕ ನಮಗೆ ಹೊಸದಲ್ಲ. ಹೊಸ ಲಾರಿಯ ಚಕ್ರದಡಿ ನಜ್ಜಾಗುವ ನಿಂಬೆಹಣ್ಣಿಗೂ, ಬಾಗಿಲ ಮೇಲೆ ನೇತಾಡುತ್ತ ಕೊಳೆಯುವ ಬೂದುಗುಂಬಳಕ್ಕೂ ಇದೇ ತರ್ಕ. ಕುಂಬಳ ಒಡೆಯಿತೆಂದರೆ ದೃಷ್ಟಿ ತೆಗೆದುಕೊಂಡಿತು. ಕುಂಬಳಕ್ಕೆ ಮಾತ್ರ ಇನ್ನೂ ಯಾರೂ 9ಎಚ್ ಎಂದು ಬರೆದಿಲ್ಲ.

ಗೊರಿಲ್ಲಾ ಮಾಡಿದವರು ಇದನ್ನೆಲ್ಲ ನೋಡಿ ನೊಂದುಕೊಂಡಿರಬೇಕು ಎಂದು ನಾನು ಭಾವಿಸಿದ್ದೆ. 2025ರ ಆಗಸ್ಟ್‌ನಲ್ಲಿ ನೋಯ್ಡಾದಲ್ಲಿ ಟೆಂಪರ್ಡ್ ಗ್ಲಾಸ್ ಕಾರ್ಖಾನೆಯೊಂದನ್ನು ಕೇಂದ್ರ ಸಚಿವರು ಉದ್ಘಾಟಿಸಿದರು. ಚೀನಾದ ಹಾಳೆ ತರಿಸುವುದು ನಿಂತು ಸ್ವದೇಶಿ ಹಾಳೆ ಬರಲಿ ಎಂದು. ಅದಕ್ಕೆ ತಾಂತ್ರಿಕ ಸಹಯೋಗ ಕಾರ್ನಿಂಗ್‌ನದೇ. ಹಾಳೆಗೆ ಇಟ್ಟ ಹೆಸರು ರೈನೋಟೆಕ್. ಕೆಳಗೆ ಗೊರಿಲ್ಲಾ, ಮೇಲೆ ಖಡ್ಗಮೃಗ. ಖಡ್ಗಮೃಗಕ್ಕೆ ಗೀರು ಬೀಳದಿರಲು ಮೇಲೊಂದು ಆನೆ ಬರುವವರೆಗೆ ಕಾಯುತ್ತಿದ್ದೇನೆ.

ಭಾವನವರ ಫೋನಿನ ಶಾಸ್ತ್ರ ಮುಗಿಯುವಾಗ ಹುಡುಗನ ಕಣ್ಣು ನನ್ನ ಫೋನಿನ ಮೇಲೆ ಬಿತ್ತು. ಅದರ ಟೆಂಪರ್ಡ್ ಒಡೆದು ಆರು ತಿಂಗಳಾಗಿತ್ತು. ಎಡ ಮೂಲೆಯಲ್ಲಿ ಹುಟ್ಟಿದ ಬಿರುಕು ತಲಕಾವೇರಿಯಿಂದ ಹೊರಟಂತೆ ಹೊರಟು, ಹೇಮಾವತಿ ಕಬಿನಿಗಳನ್ನು ಕೂಡಿಸಿಕೊಂಡು ಬಲಗಡೆ ಸಮುದ್ರ ಸೇರುತ್ತಿತ್ತು. “ಇದನ್ನು ಯಾಕೆ ಹೀಗೆ ಇಟ್ಟಿದ್ದೀರಿ ಸಾರ್?” ಎಂದ. “ಹಾಕು” ಎಂದೆ.

ಉಗುರಿನಿಂದ ಮೂಲೆ ಎಬ್ಬಿಸಿ, ಚರ್ರೆಂದು ಕಿತ್ತ. ಹಸಿ ಒರೆಸು, ಒಣ ಒರೆಸು, ದೂಳು ತೆಗೆಯುವ ನೀಲಿ ಪಟ್ಟಿ. ಕೆಳಗೆ, ಎರಡು ವರ್ಷದ ಹಿಂದೆ ನಾನು ಕೊಂಡ ಗಾಜು ಇತ್ತು. ಒಂದು ಗೀರಿಲ್ಲ. ಅಂಗಡಿಯ ಟ್ಯೂಬ್‌ಲೈಟು ಅದರ ಮೇಲೆ ನೀರಿನ ಹಾಗೆ ಮಲಗಿತ್ತು. ಕೈ ಚಾಚಿ ಹೆಬ್ಬೆರಳಿನಿಂದ ಒಮ್ಮೆ ಸವರಿದೆ. ಬೆಣ್ಣೆಯ ಹಾಗೆ ಜಾರಿತು.

“ಮುಟ್ಟಬೇಡಿ ಸಾರ್, ಬೆರಳಚ್ಚು ಬೀಳುತ್ತದೆ” ಎಂದು ಹುಡುಗ ಫೋನನ್ನು ಎಳೆದುಕೊಂಡು, ಇಪ್ಪತ್ತೊಂದು ಆಯಾಮಗಳನ್ನೂ ಒಟ್ಟಿಗೆ ಅದರ ಮೇಲೆ ಬಿಟ್ಟ. ನಡುವಿನಲ್ಲಿ ಒಂದು ದೂಳಿನ ಕಣ ಸಿಕ್ಕಿಕೊಂಡು ಸುತ್ತ ಗುಳ್ಳೆ ಎದ್ದಿತು. ಎರಡು ದಿನದಲ್ಲಿ ತಾನಾಗಿಯೇ ಹೋಗುತ್ತದೆ ಎಂದ.