ಹೆಡೆ ಎತ್ತಿ, ಫೋಟೊ ಬರಲಿ

ಜೂನ್ 21ಕ್ಕೆ ಮಲೆನಾಡಿನಲ್ಲಿ ಎರಡು ಗ್ಯಾರಂಟಿ: ಮಳೆ ಮತ್ತು ಸಾಮೂಹಿಕ ಯೋಗ. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯವರು ಯೋಗ ದಿನ ಗೊತ್ತುಮಾಡುವಾಗ ನಮ್ಮ ಪಂಚಾಂಗ ತಿರುವಿ ಹಾಕಿದ್ದರೆ ಆರಿದ್ರಾ ಮಳೆ ಹೊಸ್ತಿಲಲ್ಲೇ ನಿಂತದ್ದು ಕಾಣುತ್ತಿತ್ತು. ಇರಲಿ, ಜಮಖಾನ ನೆನೆದರೂ ಬ್ಯಾನರ್ ನೆನೆಯದಂತೆ ವ್ಯವಸ್ಥೆ ಆಗಿರುತ್ತದೆ.

ಯೋಗದ ಶಿಷ್ಟಾಚಾರ, ಅಂದರೆ ಆ ದಿನ ಎಲ್ಲರೂ ಮಾಡಬೇಕಾದ ನಿಗದಿತ ಕ್ರಮ, 45 ನಿಮಿಷದ್ದು. ಸ್ವಾಗತ, ದೀಪ, ಶಾಲು, ಹಾರ, ಭಾಷಣಗಳಿಗೆ ಜಾಗ ಬೇಕಲ್ಲ, ಕತ್ತರಿ ಬೀಳಲೇಬೇಕು. ಬೀಳುವುದು ಭಾಷಣಕ್ಕಲ್ಲ, ಕುತ್ತಿಗೆ, ಸೊಂಟ, ಮಂಡಿ ಸಡಿಲಿಸುವ ಆರಂಭದ ಚಾಲನಕ್ರಿಯೆಗೆ. ಒಂದು ಗಂಟೆ ಥಂಡಿಯಲ್ಲಿ ಕೂತು ಮರಗಟ್ಟಿದ ಬೆನ್ನು ನೇರವಾಗಿ ಹಾವಿನಂತೆ ಹೆಡೆ ಎತ್ತುವ ಭುಜಂಗಾಸನಕ್ಕೆ ಬರುತ್ತದೆ.

ಆಸನ ಮಾತ್ರ ಬಲು ಮೆದು. ಬೋರಲು ಮಲಗಿ, ಕಾಲು ಜೋಡಿಸಿ, ಹಣೆ ನೆಲಕ್ಕೆ. ಅಂಗೈ ಎದೆಯ ಪಕ್ಕ, ಮೊಣಕೈ ಪಕ್ಕೆಲುಬಿಗೆ ಅಂಟಿದಂತೆ. ಉಸಿರು ತೆಗೆದುಕೊಳ್ಳುತ್ತಾ ತಲೆ, ಆಮೇಲೆ ಎದೆ ಎತ್ತಬೇಕು. ಹೊಕ್ಕುಳು ನೆಲ ಬಿಡಬಾರದು, ಮೊಣಕೈ ಸ್ವಲ್ಪ ಮಡಚಿಯೇ ಇರಬೇಕು. ಎತ್ತುವ ಕೆಲಸ ಬೆನ್ನಿನದು, ಕೈ ಬರೀ ಆಸರೆ. ಸಹಜವಾಗಿ ಉಸಿರಾಡುತ್ತಾ 10ರಿಂದ 30 ಸೆಕೆಂಡು ಇದ್ದು, ಉಸಿರು ಬಿಡುತ್ತಾ ಇಳಿಯಬೇಕು.

ಆದರೆ ಇಷ್ಟು ಎತ್ತಿದರೆ ಫೋಟೊದಲ್ಲಿ ಮಲಗಿದ ಹಾಗೇ ಕಾಣುತ್ತದೆ. ಫೋಟೊದವನು ಮುಖ್ಯ ಅತಿಥಿಗೆ ಕೂಗುತ್ತಾನೆ: "ಸಾರ್, ಇನ್ನೂ ಸ್ವಲ್ಪ ಮೇಲೆ!" ಸಾರ್ ಮೊಣಕೈ ಸೆಟೆಸುತ್ತಾರೆ. ಭುಜ ಕಿವಿ ಮುಟ್ಟುತ್ತದೆ, ಕುತ್ತಿಗೆ ಹಿಂದಕ್ಕೆ ವಾಲುತ್ತದೆ, ಹೊಕ್ಕುಳು ಗಾಳಿಯಲ್ಲಿ. ಬೆನ್ನಿನ ಮೇಲ್ಭಾಗ ಅಲ್ಲಾಡದೆ ಬಾಗುವ ಹೊರೆಯೆಲ್ಲ ಸೊಂಟದ ಭಾಗದ ಬೆನ್ನುಮೂಳೆಯ ಕೆಲವೇ ಮಣಿಗಳ ತಲೆಗೆ. ಸಾರ್ ಮುಖದಲ್ಲಿ ಮೂಡಿದ ನೋವು ಮರುದಿನದ ಪತ್ರಿಕೆಯಲ್ಲಿ 'ತನ್ಮಯತೆ' ಆಗುತ್ತದೆ.

ಹರ್ನಿಯಾ ಇದ್ದವರು, ಹೊಟ್ಟೆ ಆಪರೇಷನ್ ಆಗಿ ಎರಡು ಮೂರು ತಿಂಗಳಾಗದವರು, ಗರ್ಭಿಣಿಯರು ಮಾಡಬಾರದು ಎಂಬ ಸೂಚನೆ ಇದೆ. ಅದನ್ನು ಮೈಕಿನಲ್ಲಿ ಹೇಳುತ್ತಾರೆ, ಎಲ್ಲರೂ ಇಳಿದ ಮೇಲೆ. ನಂತರ ಬೆನ್ನು ಸಡಿಲವಾಗಲು ಮಕರಾಸನದಲ್ಲಿ ಸುಮ್ಮನೆ ಮಲಗಬೇಕು. ಹಾಗೆ ಮಲಗಿದವರನ್ನು ಸ್ವಯಂಸೇವಕರು ಎಬ್ಬಿಸುತ್ತಾರೆ, ವಂದನಾರ್ಪಣೆ ಇದೆಯಲ್ಲ. ತೀರ್ಥಹಳ್ಳಿ, ಆಗುಂಬೆ ಕಡೆಯಿಂದ ಬಂದವರಿಗೆ ಬಿಟ್ಟುಹೋದ ಚಾಲನಕ್ರಿಯೆಯನ್ನು ವಾಪಸು ಹೋಗುವಾಗ ರಸ್ತೆಯ ಗುಂಡಿಗಳೇ ಬಡ್ಡಿ ಸಮೇತ ಮಾಡಿಸುತ್ತವೆ.

ಖಾಲಿ ಹೊಟ್ಟೆಯಲ್ಲಿ ಮಾಡಬೇಕಾದ ಆಸನವಿದು. ಉಪ್ಪಿಟ್ಟಿನ ಒಗ್ಗರಣೆ ಘಮ್ಮೆಂದ ಮೇಲೆ ಹಿಂದಿನ ಸಾಲು ಖಾಲಿಯಾಗುತ್ತದೆ. ಭಾಗವಹಿಸಿದವರ ಸಂಖ್ಯೆ ವರದಿಗೆ ಬೇಕಲ್ಲ, ಅದನ್ನು ಉಪ್ಪಿಟ್ಟಿನ ತಟ್ಟೆ ಎಣಿಸಿ ಬರೆಯುತ್ತಾರೆ. ಎರಡನೇ ಸಲ ಹಾಕಿಸಿಕೊಂಡವರು ಇಬ್ಬರು ಯೋಗಪಟುಗಳು.