ಒಂದು ಜಿಲ್ಲೆ, ಒಂದು ಅಡಿಗಲ್ಲು

ಕೇಂದ್ರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಕೋಲಾರದ ಪಾಲಿಗೆ ಟೊಮೆಟೊ ಬಂದಿರುವುದು ಈ ಜಿಲ್ಲೆಗೆ ಆಗಿರುವ ದೊಡ್ಡ ಅನ್ಯಾಯ. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದ ಹಣ್ಣನ್ನೇ ಬೆಲೆ ಬಿದ್ದ ವರ್ಷ ರಸ್ತೆ ಬದಿಗೆ ಸುರಿಯಬೇಕಾಗುತ್ತದೆ. ಇಂಥ ಚಂಚಲ ಸರಕಿನ ಮೇಲೆ ಜಿಲ್ಲೆಯ ಭವಿಷ್ಯವನ್ನು ಹೊರಿಸುವ ಬದಲು, ಕೊಳೆಯದ, ಶೀತಲಗೃಹವನ್ನು ಬೇಡದ, ಮಳೆಯನ್ನೂ ನೆಚ್ಚದ ಉತ್ಪನ್ನವೊಂದು ನಮ್ಮಲ್ಲಿ ಹೇರಳವಾಗಿರುವುದನ್ನು ಜಿಲ್ಲಾ ಯೋಜನಾ ಸಮಿತಿಯ ಗಮನಕ್ಕೆ ವಿನಯಪೂರ್ವಕವಾಗಿ ತರಬಯಸುತ್ತೇನೆ. ಅದು ಅಡಿಗಲ್ಲು.

ಈ ಉದ್ಯಮಕ್ಕೆ ಬೇಕಾದ ಕುಶಲಕರ್ಮಿಗಳನ್ನು ಹೊರಗಿನಿಂದ ಕರೆತರಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ತಲೆಮಾರುಗಳಿಂದ ದೇವರ ವಿಗ್ರಹಗಳನ್ನು ಕೆತ್ತುತ್ತ ಬಂದಿದ್ದಾರೆ. ಆದರೆ ವಿಗ್ರಹವೆಂದರೆ ಕೊನೆಗೊಮ್ಮೆ ಕಣ್ಣು ತೆರೆಸಬೇಕಾಗುತ್ತದೆ. ಗಣ್ಯರ ಹೆಸರು ಕೆತ್ತುವ ಕೆಲಸದಲ್ಲಿ ಆ ತೊಡಕಿಲ್ಲ, ಶಿಷ್ಟಾಚಾರದ ಅನುಕ್ರಮವೊಂದು ತಪ್ಪದಿದ್ದರೆ ಸಾಕು.

ಮಾದರಿಗಳಿಗೂ ಕೊರತೆಯಿಲ್ಲ. 2012-13ರ ರೈಲ್ವೆ ಬಜೆಟ್ಟಿನಲ್ಲಿ ಘೋಷಣೆಯಾದ ರೈಲು ಬೋಗಿ ಕಾರ್ಖಾನೆಗೆ 2014ರಲ್ಲಿ ಶ್ರೀನಿವಾಸಪುರದಲ್ಲಿ ಶಂಕುಸ್ಥಾಪನೆ ನಡೆಯಿತು. ಆ ಕಾರ್ಖಾನೆಯಿಂದ ಒಂದು ಬೋಗಿಯೂ ಹೊರಬಂದಿಲ್ಲವೆಂದು ದೂರುವವರು, ಅದು ಚುನಾವಣೆಯಿಂದ ಚುನಾವಣೆಗೆ ಭಾಷಣಗಳನ್ನು ಎಷ್ಟು ನಿಯಮಿತವಾಗಿ ಪೂರೈಸಿದೆಯೆಂಬುದನ್ನು ಮರೆಯುತ್ತಾರೆ. ಅದೇ 2014ರ ಮಾರ್ಚ್‌ನಲ್ಲಿ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಅಡಿಗಲ್ಲು ಬಿತ್ತು (2007ರವರೆಗೆ ಅದೂ ನಮ್ಮದೇ ಜಿಲ್ಲೆಯಾಗಿದ್ದುದರಿಂದ ಆ ಕಲ್ಲಿನಲ್ಲಿ ನಮಗೂ ಪಾಲುಂಟು). ನೀರೆತ್ತುವುದಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಅದೂ ದೂರದ ಸಕಲೇಶಪುರದಲ್ಲಿ. ಆದರೆ ಲಾಭದ ಲೆಕ್ಕ ನೋಡಿ: 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಯೋಜನೆಯ ಅಂದಾಜು ಈಗ 23 ಸಾವಿರ ಕೋಟಿ ದಾಟಿದೆ. ನೆಟ್ಟ ಮೇಲೆ ನೀರು ಗೊಬ್ಬರವಿಲ್ಲದೆ ಹೀಗೆ ಬೆಳೆಯುವ ಬೆಳೆ ಬೇರೆ ಯಾವುದಿದೆ?

ಹಾಗೆಂದು ನೀರು ಬಂದೇ ಇಲ್ಲವೆಂದರೆ ಕೃತಘ್ನತೆಯಾದೀತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರು ಬಳಸಿ ಬಿಟ್ಟ ನೀರು, ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು, ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೆಯ ಹಂತ ಬೇಕೆಂದು ಹಟ ಹಿಡಿದವರಿಗೆ ಅದರದೇ ಒಂದು ಅಡಿಗಲ್ಲನ್ನು ಕೊಟ್ಟು ಸಮಾಧಾನ ಮಾಡಬಹುದು.

ಸಂವಿಧಾನದ 243ಝಡ್‌ಡಿ ವಿಧಿಯ ಪ್ರಕಾರ ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಕ್ರೋಡೀಕರಿಸಿ ಇಡೀ ಜಿಲ್ಲೆಗೆ ಒಂದು ಕರಡು ಯೋಜನೆಯನ್ನು ಸಿದ್ಧಪಡಿಸುವುದು ಸಮಿತಿಯ ಕರ್ತವ್ಯ. ಗ್ರಾಮಸಭೆಗಳಿಂದ ಬರುವ ಬೇಡಿಕೆಗಳಾದರೂ ಎಂಥವು: ರಾಜಕಾಲುವೆಯ ಹೂಳು ತೆಗೆಸಿ, ಮಂಡಿಯ ಹತ್ತಿರ ಹಣ್ಣು ಸಂಸ್ಕರಿಸುವ ಘಟಕ ಮಾಡಿ, ಮಾವಿಗೆ ಶೀತಲಗೃಹ ಕೊಡಿ. ಹೂಳೆತ್ತಿದ ಕಾಲುವೆಯಲ್ಲಿ ಫಲಕ ನಿಲ್ಲಿಸಿದರೆ ಅದು ನೀರಿಗೆ ಅಡ್ಡವಾಗುತ್ತದೆಂಬ ಸಣ್ಣ ವಿಚಾರವೂ ಹಳ್ಳಿಯವರಿಗೆ ಹೊಳೆದಂತಿಲ್ಲ.

ಉಳಿದಿರುವುದು ದಾಸ್ತಾನಿನ ಪ್ರಶ್ನೆ. ಅದಕ್ಕೆ ಕೆ.ಜಿ.ಎಫ್. ಇದೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡು, 2001ರಲ್ಲಿ ಬಾಗಿಲು ಹಾಕಿದ ಆ ಚಿನ್ನದ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಜಿಲ್ಲೆಯಲ್ಲಿ ಅಲ್ಲಲ್ಲಿ ಅನಾಥವಾಗಿ ನಿಂತಿರುವ ಕಲ್ಲುಗಳನ್ನೆಲ್ಲ ತಂದು ಅಲ್ಲಿಗೆ ಇಳಿಸಿದರೆ, ಅಡಿಗಲ್ಲುಗಳಿಗೆ ಕೊನೆಗೂ ಒಂದು ಅಡಿ ಸಿಕ್ಕಂತಾಗುತ್ತದೆ.